ದೊಡ್ಡ ವ್ಯಾಪಾರಸ್ಥರು, ಸಾಮ್ರಾಜ್ಯ, ಜಾಗತೀಕರಣ: ಕಾರವಾರ–ಶಿರಸಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು. ತವರು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಸಂಸಾರ ಕಾರವಾರದಲ್ಲಿ. ನಿವೃತ್ತಿಯಾದ ಮೇಲೆ ಗ್ರಂಥಾಲಯ, ಶಾಲೆ, ಸಂಘ ಅಂತ ಮಾತಾಡಲು ಕರೆಯುತ್ತಾರೆ. ಜಗತ್ತಿನ ದೊಡ್ಡ ವ್ಯಾಪಾರಸ್ಥರು ಸಾಮ್ರಾಜ್ಯವನ್ನು ಯಾವ ಕಣ್ಣಿನಿಂದ ನೋಡಿದರು, ಈಗ ಜಾಗತೀಕರಣವನ್ನು ಹೇಗೆ ನೋಡುತ್ತಾರೆ ಎಂಬುದೇ ನನ್ನ ವಿಷಯ. ಮಾತು ಮುಗಿದ ಮೇಲೆ ಚಾ ಕುಡಿಯುವಾಗ ಬರುವ ಪ್ರಶ್ನೆಗಳು ಮಾತ್ರ ಊರು ಬದಲಾದರೂ ಬದಲಾಗುವುದಿಲ್ಲ. ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಲಂಡನ್, ನ್ಯೂಯಾರ್ಕಿನ ಕೋಟ್ಯಧಿಪತಿಗಳಿಗೂ ನಮ್ಮ ಕಾರವಾರಕ್ಕೂ ಏನು ಸಂಬಂಧ, ಮೇಡಂ?

ಸಂಬಂಧ ಹಳೆಯದು. ಕಾರವಾರ ಪೇಟೆಯಿಂದ ಸ್ವಲ್ಪ ಒಳಗೆ, ಕಾಳಿ ನದಿಯ ದಂಡೆಗೆ ಕಡವಾಡ ಇದೆ. 1638ರಲ್ಲಿ ಇಂಗ್ಲೆಂಡಿನ ಕೋರ್ಟೀನ್ ಎಂಬ ವ್ಯಾಪಾರಿ ಕೂಟ ಅಲ್ಲಿ ಕೋಠಿ ತೆರೆಯಿತು. ಅವರಿಗೆ ಬೇಕಾಗಿದ್ದದ್ದು ಕಾಳುಮೆಣಸು, ಏಲಕ್ಕಿ, ತೆಳು ಹತ್ತಿ ಬಟ್ಟೆ. ಮೆಣಸು ಘಟ್ಟದ ಮೇಲಿನ ತೋಟಗಳಿಂದ ಇಳಿದು ಬರುತ್ತಿತ್ತು. ನಮ್ಮ ಅಜ್ಜಂದಿರ ಅಜ್ಜಂದಿರು ಕೊಯ್ದ ಮೆಣಸೂ ಅದರಲ್ಲಿ ಇದ್ದೀತು.

ಇಲ್ಲಿ ಒಂದು ಮಾತು ಗಮನಿಸಿ. ಪೂರ್ವದೇಶಗಳ ವ್ಯಾಪಾರದ ಹಕ್ಕು ತನಗೊಂದಕ್ಕೇ ಸೇರಿದ್ದು ಅಂತ ಈಸ್ಟ್ ಇಂಡಿಯಾ ಕಂಪನಿ 1600ರಲ್ಲೇ ರಾಣಿಯಿಂದ ಬರೆಸಿಕೊಂಡಿತ್ತು. ಮುಂದೆ ಬಂದ ರಾಜ ಒಂದನೇ ಚಾರ್ಲ್ಸ್ ಕೋರ್ಟೀನ್ ಗುಂಪಿಗೂ ಪರವಾನಗಿ ಕೊಟ್ಟ. ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಂಡ ಹಾಗಾಯಿತು. ಇಬ್ಬರೂ ಲಾಭಕ್ಕೆ ದಾರಿ ಹುಡುಕುತ್ತಾ ಮೊದಲು ಹೋಗಿದ್ದು ಸಂತೆಗಲ್ಲ, ಅರಮನೆಗೆ. ನಾನು ಇಷ್ಟು ವರ್ಷ ಓದಿ ತಿಳಿದುಕೊಂಡಿದ್ದರಲ್ಲಿ ಮುಖ್ಯವಾದದ್ದು ಇದೇ. ದೊಡ್ಡ ವ್ಯಾಪಾರಸ್ಥರು ಸಾಮ್ರಾಜ್ಯದ ಪರವೋ ವಿರುದ್ಧವೋ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಸರಕಾರದ ಹತ್ತಿರ ಏನು ಕೇಳಿದರು, ನಷ್ಟವಾದರೆ ಯಾರ ತಲೆಗೆ ಕಟ್ಟಿದರು ಅಂತ ನೋಡಿದರೆ ಸಿಗುತ್ತದೆ.

ಅವರಿಗಿಂತ ಮೊದಲು ಪೋರ್ಚುಗೀಸರು ಬಂದಿದ್ದರು. 1505ರಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟಿದರು. ಸಮುದ್ರದಲ್ಲಿ ಹೋಗುವ ಹಡಗು ಅವರ ರಹದಾರಿ ಚೀಟಿ ಇಟ್ಟುಕೊಂಡಿರಬೇಕಿತ್ತು. ಚೀಟಿ ಇಲ್ಲದಿದ್ದರೆ ಸರಕು ಅವರದ್ದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರೇ ‘ಕಾಳುಮೆಣಸಿನ ರಾಣಿ’ ಅಂತ ಕರೆದರು. ಆಕೆಯ ಹತ್ತಿರ ಮೆಣಸಿತ್ತು, ಅವರ ಹತ್ತಿರ ತೋಪಿತ್ತು. ಆದರೂ ಆಕೆ ಐವತ್ತಕ್ಕೂ ಹೆಚ್ಚು ವರ್ಷ ಆಳಿದಳು ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ.

ಸಾಮ್ರಾಜ್ಯಶಾಹಿ, ಜಾಗತೀಕರಣ ಎರಡೂ ಒಂದೇನಾ?

ಒಂದೇ ಅಲ್ಲ. ಇನ್ನೊಬ್ಬರ ನೆಲವನ್ನು, ಆಡಳಿತವನ್ನು ಬಲದಿಂದ ಕೈಗೆ ತೆಗೆದುಕೊಳ್ಳುವುದು ಸಾಮ್ರಾಜ್ಯಶಾಹಿ. ಸರಕು, ಹಣ, ಕೆಲಸ ದೇಶದ ಗಡಿ ದಾಟಿ ಓಡಾಡುವುದು ಜಾಗತೀಕರಣ. ಎರಡನೆಯದಕ್ಕೆ ಮೊದಲನೆಯದು ಬೇಕೇ ಬೇಕು ಅಂತಿಲ್ಲ. ಅರಬ್ಬರು ನೂರಾರು ವರ್ಷ ಭಟ್ಕಳ, ಹೊನ್ನಾವರದಲ್ಲಿ ವ್ಯಾಪಾರ ಮಾಡಿದರು. ಕುದುರೆ ಇಳಿಸಿದರು, ಮೆಣಸು ಹೇರಿದರು, ಇಲ್ಲೇ ಮದುವೆಯಾಗಿ ಉಳಿದರು. ಊರನ್ನು ವಶ ಮಾಡಿಕೊಳ್ಳಲಿಲ್ಲ.

ವ್ಯಾಪಾರಕ್ಕೆ ಶಾಂತಿ ಬೇಕು. ಯುದ್ಧ ಆದರೆ ವ್ಯಾಪಾರಿಗೇ ನಷ್ಟ ಅಲ್ವಾ?

ಸಣ್ಣ ವ್ಯಾಪಾರಿಗೆ ಖಂಡಿತ ನಷ್ಟ. ದೊಡ್ಡವರ ಲೆಕ್ಕ ಬೇರೆ.

ಡಚ್ಚರ ಕಂಪನಿಯ ಯಾನ್ ಕೂನ್ ಎಂಬ ಅಧಿಕಾರಿ 1614ರಲ್ಲಿ ತನ್ನ ನಿರ್ದೇಶಕರಿಗೆ ಬರೆದ ಪತ್ರವೊಂದಿದೆ. ಯುದ್ಧವಿಲ್ಲದೆ ವ್ಯಾಪಾರ ನಡೆಸಲಾಗದು, ವ್ಯಾಪಾರವಿಲ್ಲದೆ ಯುದ್ಧ ನಡೆಸಲಾಗದು ಅಂತ ಅದರಲ್ಲಿ ನೇರವಾಗಿಯೇ ಹೇಳಿದ. 1621ರಲ್ಲಿ ಈಗಿನ ಇಂಡೋನೇಷ್ಯಾದ ಬಾಂದಾ ದ್ವೀಪಗಳಿಗೆ ಸೈನ್ಯ ತೆಗೆದುಕೊಂಡು ಹೋದ. ಅಲ್ಲಿಯ ಜನರಲ್ಲಿ ಬಹುಪಾಲು ಸತ್ತರು, ಇಲ್ಲವೇ ಗುಲಾಮರಾದರು, ಇಲ್ಲವೇ ಊರು ಬಿಟ್ಟರು. ಕಾರಣ ಜಾಯಿಕಾಯಿ. ನಮ್ಮ ತೋಟದಲ್ಲಿ ಅಡಿಕೆ ಮರದ ನೆರಳಲ್ಲಿ ಎರಡು ಜಾಯಿಕಾಯಿ ಮರ ಇವೆ. ಕಾಯಿ ಒಡೆದಾಗ ಒಳಗಿನ ಕೆಂಪು ಪತ್ರೆ ಬಲೆ ಸುತ್ತಿದ ಹಾಗೆ ಕಾಣುತ್ತದೆ. ಆ ಕಥೆ ಓದಿದ ಮೇಲೆ ಪತ್ರೆ ಬಿಡಿಸುವಾಗೆಲ್ಲ ಬಾಂದಾ ನೆನಪಾಗುತ್ತದೆ.

ಇನ್ನೂ ಸ್ಪಷ್ಟವಾದ ಉದಾಹರಣೆ ಅಫೀಮಿನದ್ದು. ಚೀನಾದ ಅಧಿಕಾರಿ ಲಿನ್ ಝೆಶು 1839ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ವಶಪಡಿಸಿ ನಾಶ ಮಾಡಿದ. ವ್ಯಾಪಾರಿ ವಿಲಿಯಂ ಜಾರ್ಡಿನ್ ಲಂಡನ್ನಿಗೆ ಹೋಗಿ ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್‌ನನ್ನು ಕಂಡ. ಚೀನಾ ಕರಾವಳಿಯ ನಕ್ಷೆ ಕೊಟ್ಟ. ಎಷ್ಟು ಹಡಗು, ಎಷ್ಟು ಸೈನಿಕರು ಬೇಕು ಅಂತಲೂ ಹೇಳಿದ. ಯುದ್ಧ ಆಯಿತು. 1842ರ ಒಪ್ಪಂದದಲ್ಲಿ ಹಾಂಕಾಂಗ್ ಬ್ರಿಟಿಷರ ಕೈ ಸೇರಿತು. ನಾಶವಾದ ಅಫೀಮಿಗೆ ಚೀನಾವೇ ದುಡ್ಡು ಕೊಡಬೇಕಾಯಿತು. ಜಾರ್ಡಿನ್‌ನ ಜೊತೆಗಾರ ನಮ್ಮ ಬಾಂಬೆಯ ಜಮ್ಶೆಟ್‌ಜಿ ಜೀಜಿಭಾಯ್. ಅದೇ 1842ರಲ್ಲಿ ಅವರಿಗೆ ಸರ್ ಪದವಿ ಬಂತು. ಆಸ್ಪತ್ರೆ, ಕಲಾಶಾಲೆ ಕಟ್ಟಿಸಿದ ದೊಡ್ಡ ದಾನಿ ಅವರು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಇತಿಹಾಸಕ್ಕೆ ಮೋಸ.

ಮುಕ್ತ ವ್ಯಾಪಾರ ಅಂದವರು ಸಾಮ್ರಾಜ್ಯಕ್ಕೆ ವಿರೋಧಿಗಳಾಗಿದ್ದರು ಅಂತ ಓದಿದ್ದೇನೆ. ಹೌದಾ?

ಮಾತಿನಲ್ಲಿ ಹೌದು. ನಮ್ಮ ಜಿಲ್ಲೆಯ ಮಟ್ಟಿಗೆ ಏನಾಯಿತು ಅಂತ ಹೇಳುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೆ ಬರೆಯಬೇಕು.

ಆಡಂ ಸ್ಮಿತ್ 1776ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವನ್ನು ಖಾರವಾಗಿ ಟೀಕಿಸಿದ್ದ. ನಂತರ ಮ್ಯಾಂಚೆಸ್ಟರಿನ ಮಿಲ್ ಮಾಲೀಕರ ಕಾಲ ಬಂತು. ಅವರ ನಾಯಕರು ರಿಚರ್ಡ್ ಕಾಬ್ಡನ್, ಜಾನ್ ಬ್ರೈಟ್. ಸರಕಾರ ವ್ಯಾಪಾರದಲ್ಲಿ ಕೈ ಹಾಕಬಾರದು, ಸುಂಕ ಬೇಡ, ಯುದ್ಧ ಬೇಡ, ವಸಾಹತು ಬರೀ ಖರ್ಚು ಅಂತ ಇಬ್ಬರೂ ಹೇಳಿದರು. 1857ರಲ್ಲಿ ಚೀನಾದ ಮೇಲೆ ಎರಡನೇ ಸಲ ದಂಡೆತ್ತಿ ಹೋದಾಗ ಕಾಬ್ಡನ್ ಪಾರ್ಲಿಮೆಂಟಿನಲ್ಲಿ ಪಾಮರ್‌ಸ್ಟನ್ ವಿರುದ್ಧ ನಿರ್ಣಯ ತಂದು ಗೆದ್ದ. ಚುನಾವಣೆ ಬಂದಾಗ ತನ್ನ ಸ್ಥಾನವನ್ನೇ ಕಳೆದುಕೊಂಡ. ಅವನ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ.

ಆದರೆ ಮಿಲ್ಲುಗಳಿಗೆ ಹತ್ತಿ ಬೇಕಿತ್ತು. ಮುಕ್ಕಾಲಿಗಿಂತ ಜಾಸ್ತಿ ಹತ್ತಿ ಅಮೆರಿಕದಿಂದ ಬರುತ್ತಿತ್ತು, ಗುಲಾಮರು ಬೆಳೆದ ಹತ್ತಿ. ಅದು ಯಾವಾಗ ನಿಲ್ಲುತ್ತದೋ ಎಂಬ ಹೆದರಿಕೆಗೆ 1857ರಲ್ಲಿ ಹತ್ತಿ ಪೂರೈಕೆ ಸಂಘ ಮಾಡಿಕೊಂಡರು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. ಅವರ ಕಣ್ಣು ಬಿದ್ದದ್ದು ಧಾರವಾಡದ ಮೇಲೆ. ಅಲ್ಲಿ ಆಗಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು. ಅಲ್ಲಿಯ ನಾಡ ಹತ್ತಿ ಎತ್ತಿನ ಮೇಲೆ, ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಕುಮಟಾದಲ್ಲಿ ಒಂದು ಗಿಡ ಹತ್ತಿ ಬೆಳೆಯದಿದ್ದರೂ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’!

ಮಳೆಗಾಲದಲ್ಲಿ ಕುಮಟಾ ಬಂದರು ಮುಚ್ಚುತ್ತದೆ. ಕಾಳಿ ನದಿ ಸಮುದ್ರ ಸೇರುವ ಸದಾಶಿವಗಡದ ಹತ್ತಿರ ಆಳವಾದ, ಗುಡ್ಡಗಳ ಮರೆಯಿರುವ ಬಂದರು ಇದೆ. ಹಾಗಾಗಿ ಮ್ಯಾಂಚೆಸ್ಟರಿನವರು ಸರಕಾರದ ಹತ್ತಿರ ಕೇಳಿದ್ದು ಇದು: ಧಾರವಾಡದಿಂದ ಘಟ್ಟ ಕಡಿದು ರಸ್ತೆ ಮಾಡಿ. ಬಂದರು ಕಟ್ಟಿ. ಸರಕಾರ ವ್ಯಾಪಾರದಲ್ಲಿ ಕೈ ಹಾಕಬಾರದು ಅಂದವರದ್ದೇ ಈ ಬೇಡಿಕೆ. ಕಂಪನಿಯ ಕಾರ್ಯದರ್ಶಿ 1861ರಲ್ಲಿ ಇಲ್ಲಿಯವರೆಗೆ ಬಂದ. ಯಂತ್ರಗಳೂ ಹಡಗಿನಲ್ಲಿ ಹೊರಟವು. ರಸ್ತೆ ಮಾತ್ರ ಮುಗಿದಿರಲಿಲ್ಲ.

ಇನ್ನೊಂದು ತೊಡಕಿತ್ತು. ಹತ್ತಿ ಬೆಳೆಯುವ ಧಾರವಾಡ ಬಾಂಬೆ ಪ್ರಾಂತ್ಯದಲ್ಲಿ, ಬಂದರು ಇರುವ ಕೆನರಾ ಮದ್ರಾಸ್ ಪ್ರಾಂತ್ಯದಲ್ಲಿ. ರಸ್ತೆಗೆ ಮದ್ರಾಸಿನವರು ಯಾಕೆ ದುಡ್ಡು ಹಾಕುತ್ತಾರೆ? ಮ್ಯಾಂಚೆಸ್ಟರಿನ ಒತ್ತಡ ಜೋರಾಯಿತು. 1862ರಲ್ಲಿ ಉತ್ತರ ಕೆನರಾವನ್ನು ಕಿತ್ತು ಬಾಂಬೆಗೆ ಸೇರಿಸಿದರು. ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. 1956ರ ತನಕ ನಾವು ಬಾಂಬೆಯವರಾಗಿದ್ದೆವು ಅಲ್ವಾ? ನಮ್ಮ ಅಜ್ಜಿ ಕೊನೆಯವರೆಗೂ ಸರಕಾರಕ್ಕೆ ‘ಮುಂಬಯಿ ಸರಕಾರ’ ಅಂತಲೇ ಅನ್ನುತ್ತಿದ್ದಳು. ಆ ಗೆರೆ ಎಳೆದದ್ದು ಯಾರದೋ ಮಿಲ್ಲಿನ ಹತ್ತಿಗಾಗಿ.

ಅಮೆರಿಕದ ಹತ್ತಿ ಬರದಂತೆ ಮಾಡಿದ್ದ ಅಲ್ಲಿಯ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಹತ್ತಿಯ ಬೆಲೆ ಬಿತ್ತು. ಬಾಂಬೆಯ ಷೇರು ಪೇಟೆ ಕುಸಿಯಿತು. ಮ್ಯಾಂಚೆಸ್ಟರಿಗೆ ಕಾರವಾರ ಮರೆತೇ ಹೋಯಿತು. ಮುಂದೆ ರೈಲು ಬಂದಾಗಲೂ ಅದು ಗೋವೆಯ ಮರ್ಮಗೋವಾಕ್ಕೆ ಇಳಿಯಿತು, ಕಾರವಾರಕ್ಕಲ್ಲ. ನಮಗೆ ರೈಲು ಸಿಕ್ಕಿದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆ ಬಂದಾಗ. ಹುಬ್ಬಳ್ಳಿ–ಅಂಕೋಲಾ ರೈಲಿಗೆ ಇನ್ನೂ ಕಾಯುತ್ತಿದ್ದೇವೆ.

ಆದರೂ ರಸ್ತೆ ಆಯ್ತಲ್ಲ. ಅದು ಒಳ್ಳೇದೇ ತಾನೆ?

ರಸ್ತೆ ಒಳ್ಳೇದೇ. ಅದೇ ದಾರಿಯಲ್ಲಿ ನಮ್ಮವರು ಆಸ್ಪತ್ರೆಗೂ ಹೋದರು, ಶಾಲೆಗೂ ಹೋದರು. ನಾನು ಕೇಳುವುದು ಖರ್ಚಿನ ಲೆಕ್ಕ. ಭಾರತದ ಮೊದಲ ರೈಲು ಕಂಪನಿಗಳಿಗೆ 1849ರ ಕರಾರಿನಲ್ಲಿ ಶೇಕಡಾ 5ರ ಲಾಭದ ಖಾತರಿ ಸಿಕ್ಕಿತ್ತು. ರೈಲು ಗಳಿಸದಿದ್ದರೆ ಕೊರತೆಯನ್ನು ಸರಕಾರ ತುಂಬಿಕೊಡಬೇಕು. ತುಂಬಿಕೊಟ್ಟದ್ದು ಇಲ್ಲಿಯ ರೈತರ ಕಂದಾಯದಿಂದ. ಷೇರುದಾರ ಇಂಗ್ಲೆಂಡಿನಲ್ಲಿ ನಿಶ್ಚಿಂತೆಯಿಂದ ಮಲಗಿದ. ಇಂಥ ಹೂಡಿಕೆಯನ್ನು ಧೈರ್ಯದ ವ್ಯಾಪಾರ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಶ್ರೀಮಂತರಲ್ಲಿ ನಿಜವಾಗಿ ಸಾಮ್ರಾಜ್ಯವನ್ನು ವಿರೋಧಿಸಿದವರು ಯಾರೂ ಇಲ್ಲವಾ?

ಇದ್ದಾರೆ. ಅಮೆರಿಕದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ. 1898ರಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕ ಫಿಲಿಪೀನ್ಸನ್ನು 2 ಕೋಟಿ ಡಾಲರಿಗೆ ತೆಗೆದುಕೊಂಡಿತು. ಆ ಹಣ ತಾನೇ ಕೊಡುತ್ತೇನೆ, ಆ ಜನರನ್ನು ಸ್ವತಂತ್ರರಾಗಿ ಬಿಡಿ ಅಂದ ಕಾರ್ನೆಗಿ. ಸರಕಾರ ಕೇಳಲಿಲ್ಲ. ಅವನ ಕಾರ್ಖಾನೆ ಅದೇ ದೇಶದ ಯುದ್ಧನೌಕೆಗಳಿಗೆ ಉಕ್ಕಿನ ಕವಚ ಮಾಡಿ ಮಾರಿತ್ತು ಎಂಬುದೂ ದಾಖಲೆಯಲ್ಲಿದೆ. ಮನುಷ್ಯ ಒಂದು ಕಡೆ, ಅವನ ವ್ಯವಹಾರ ಇನ್ನೊಂದು ಕಡೆ ಎಳೆಯುತ್ತಿತ್ತು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಅವನ ಕಾಲದವನೇ ಸೆಸಿಲ್ ರೋಡ್ಸ್ ಪೂರ್ತಿ ಇನ್ನೊಂದು ತುದಿ. ವಜ್ರದ ಕಂಪನಿ ಡಿ ಬೀರ್ಸ್ ಕಟ್ಟಿದ. 1889ರಲ್ಲಿ ರಾಣಿಯ ಸನದು ಪಡೆದು ಇನ್ನೊಂದು ಕಂಪನಿ ಮಾಡಿದ. ಆ ಕಂಪನಿಗೆ ತನ್ನದೇ ಪೊಲೀಸರು, ತನ್ನದೇ ಆಡಳಿತ. ಒಂದು ದೇಶಕ್ಕೆ ಅವನ ಹೆಸರೇ ಬಂತು. ಅದು ಇವತ್ತಿನ ಜಿಂಬಾಬ್ವೆ.

ನಮ್ಮ ಉದ್ಯಮಿಗಳು ಸ್ವಾತಂತ್ರ್ಯ ಹೋರಾಟದಲ್ಲಿ ಯಾವ ಕಡೆ ಇದ್ದರು?

ಎರಡೂ ಕಡೆ. ಕೆಲವರು ಒಂದೇ ಜನ್ಮದಲ್ಲಿ ಎರಡೂ ಕಡೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಅವರು ಬಂದು ಉಳಿದಿದ್ದರು. ಅವರ ಅಜ್ಜ ದ್ವಾರಕಾನಾಥರು 1834ರಲ್ಲಿ ಇಂಗ್ಲಿಷ್ ಪಾಲುದಾರನ ಜೊತೆ ಕಾರ್, ಟಾಗೋರ್ ಕಂಪನಿ ಶುರು ಮಾಡಿದವರು. ಕಲ್ಲಿದ್ದಲು, ಹಡಗು, ನೀಲಿ ಬೆಳೆ, ಅಫೀಮು ಎಲ್ಲದರಲ್ಲೂ ಕೈ ಇತ್ತು. ಬ್ರಿಟಿಷರ ಜೊತೆ ಸಮಾನವಾಗಿ ಬೆಳೆಯಬಹುದು ಅಂತ ನಂಬಿದ್ದರು. ಮೊಮ್ಮಗ ಆ ನಂಬಿಕೆಯಿಂದ ದೂರ ಹೋದರು.

ಜಮ್ಶೆಟ್‌ಜಿ ಟಾಟಾ ನಾಗಪುರದಲ್ಲಿ ಮಿಲ್ ತೆರೆದದ್ದು 1877ರ ಜನವರಿ 1ರಂದು. ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಅಂತ ಸಾರಿದ ದಿನ ಅದು. ಮಿಲ್ಲಿಗೆ ಎಂಪ್ರೆಸ್ ಅಂತಲೇ ಹೆಸರಿಟ್ಟರು. 1886ರಲ್ಲಿ ಇನ್ನೊಂದು ಮಿಲ್ ಕೊಂಡರು. ಅದರ ಹೆಸರು ಸ್ವದೇಶಿ. ಒಂಬತ್ತು ವರ್ಷದ ಅಂತರ, ಅಷ್ಟೇ. 1896ರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರಿನ ಮಿಲ್ ಮಾಲೀಕರ ಒತ್ತಾಯಕ್ಕೆ ಭಾರತದ ಮಿಲ್ ಬಟ್ಟೆಗೆ ಶೇಕಡಾ ಮೂರೂವರೆ ಅಬಕಾರಿ ಸುಂಕ ಬಿತ್ತು. ಇಲ್ಲಿಯ ಬಟ್ಟೆ ಇಲ್ಲಿಯೇ ಮಾರಲು ಸುಂಕ! ಮಿಲ್ ಮಾಲೀಕರ ದೇಶಪ್ರೇಮಕ್ಕೆ ಇಂಥ ಗಾಯಗಳೂ ಕಾರಣ. ಕಲ್ಕತ್ತೆಯ ಇಂಗ್ಲಿಷರ ಕಚೇರಿಗಳಲ್ಲಿ ತನಗೆ ಲಿಫ್ಟ್ ಹತ್ತಲು ಬಿಡುತ್ತಿರಲಿಲ್ಲ, ಬೆಂಚಿನ ಮೇಲೆ ಕೂರಲೂ ಬಿಡುತ್ತಿರಲಿಲ್ಲ ಅಂತ ಘನಶ್ಯಾಮದಾಸ್ ಬಿರ್ಲಾ ಬರೆದುಕೊಂಡಿದ್ದಾರೆ. ಮುಂದೆ ಗಾಂಧೀಜಿಯ ದೊಡ್ಡ ಬೆಂಬಲಿಗರಾದರು.

1944ರಲ್ಲಿ ಟಾಟಾ, ಬಿರ್ಲಾ, ಠಾಕೂರದಾಸ್, ಶ್ರೀರಾಮ್, ಕಸ್ತೂರಭಾಯಿ ಮುಂತಾದವರು ಸೇರಿ ಬಾಂಬೆ ಯೋಜನೆ ಬರೆದರು. ಸ್ವತಂತ್ರ ಭಾರತದ ಸರಕಾರ ಯೋಜನೆ ಹಾಕಬೇಕು, ದೊಡ್ಡ ಕೈಗಾರಿಕೆಗೆ ನೆಲೆ ಹಾಕಬೇಕು, ವಿದೇಶಿ ಪೈಪೋಟಿಯಿಂದ ಕಾಪಾಡಬೇಕು ಅಂತ ಕೇಳಿದವರು ಬಂಡವಾಳಗಾರರೇ. 1991ರಲ್ಲಿ ವಿದೇಶಿ ಕಂಪನಿಗಳಿಗೆ ದೇಶದ ಬಾಗಿಲು ತೆರೆಯಿತು. 1993ರಲ್ಲಿ ಕೆಲವು ದೊಡ್ಡ ಉದ್ಯಮಿಗಳು ಕೂಡಿ, ವಿದೇಶಿ ಕಂಪನಿಗಳ ಎದುರು ನಮಗೂ ಸಮಾನ ಅವಕಾಶ ಬೇಕು ಅಂದರು. ಅವರಿಗೆ ಬಾಂಬೆ ಕ್ಲಬ್ ಅಂತ ಹೆಸರು ಬಿತ್ತು. ಈಗ ಅವರಲ್ಲೇ ಹಲವು ಮನೆತನಗಳು ವಿದೇಶದಲ್ಲಿ ಕಂಪನಿ ಕೊಳ್ಳುತ್ತಿವೆ. ಬೆಳೆದಂತೆ ಬೇಡಿಕೆ ಬದಲಾಗುತ್ತದೆ.

ಪರೀಕ್ಷೆಗೆ ಬೇಕಿತ್ತು. ವಿದ್ವಾಂಸರ ಅಭಿಪ್ರಾಯ ಚುಟುಕಾಗಿ ಹೇಳ್ತೀರಾ?

ಮೂವರು ಸಾಕು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಹಾಬ್ಸನ್ 1902ರಲ್ಲಿ ಹೇಳಿದ್ದು: ದುಡಿಯುವವರಿಗೆ ಕಡಿಮೆ ಕೂಲಿ ಕೊಟ್ಟರೆ ಕೊಳ್ಳುವವರಿಲ್ಲ, ಶ್ರೀಮಂತರ ಹತ್ತಿರ ಉಳಿದ ಹಣ ಹೊರದೇಶಕ್ಕೆ ಹೋಗುತ್ತದೆ, ಅದರ ಹಿಂದೆ ಸೈನ್ಯ ಹೋಗುತ್ತದೆ. ದೇಶಕ್ಕೆ ಒಟ್ಟಾರೆ ನಷ್ಟ, ಕೆಲವರಿಗೆ ಲಾಭ. ರಷ್ಯಾದ ಕ್ರಾಂತಿಯ ನಾಯಕ ಲೆನಿನ್ 1916ರಲ್ಲಿ ಬರೆದದ್ದು: ಬಂಡವಾಳಶಾಹಿ ಕೊನೆಗೆ ಮುಟ್ಟುವ ಹಂತವೇ ಸಾಮ್ರಾಜ್ಯಶಾಹಿ. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಶುಂಪೀಟರ್ 1919ರಲ್ಲಿ ಇದನ್ನು ಒಪ್ಪಲಿಲ್ಲ. ಸಾಮ್ರಾಜ್ಯದ ಹುಚ್ಚು ರಾಜಮಹಾರಾಜರ ಕಾಲದಿಂದ ಉಳಿದುಬಂದ ರೋಗ, ಶುದ್ಧ ವ್ಯಾಪಾರಿಗೆ ಅದು ಬೇಡ ಅಂದ. ನನಗೆ ಹಾಬ್ಸನ್ ಹತ್ತಿರ. ‘ಒಟ್ಟಾರೆ ನಷ್ಟ, ಕೆಲವರಿಗೆ ಲಾಭ’ ಎಂಬುದನ್ನು ಈ ಕರಾವಳಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ದಾವೋಸಿನಲ್ಲಿ ಸೇರುವವರು ಜಗತ್ತನ್ನು ಗುಟ್ಟಾಗಿ ನಡೆಸುತ್ತಾರೆ ಅಂತ ವಾಟ್ಸಾಪಿನಲ್ಲಿ ಬಂತು. ನಿಜವಾ?

ನಿಜವಲ್ಲ. ಸುಮ್ನೆ ಅಂಥದ್ದನ್ನು ಮುಂದೆ ಕಳಿಸಬೇಡಿ. ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ವರ್ಷಕ್ಕೊಮ್ಮೆ ಸಭೆ ಸೇರಿಸುವ ವರ್ಲ್ಡ್ ಎಕನಾಮಿಕ್ ಫೋರಂ 1971ರಲ್ಲಿ ಕ್ಲಾಸ್ ಶ್ವಾಬ್ ಶುರು ಮಾಡಿದ ಸಂಸ್ಥೆ. ಮೊದಲು ಯುರೋಪಿನ ಕಂಪನಿ ವ್ಯವಸ್ಥಾಪಕರ ಕೂಟವಾಗಿತ್ತು. ಅಲ್ಲಿ ಮಂತ್ರಿಗಳು, ಮಾಲೀಕರು, ಬ್ಯಾಂಕಿನವರು ಸಿಗುತ್ತಾರೆ, ಮಾತಾಡುತ್ತಾರೆ. ಕಾನೂನು ಮಾಡುವುದಿಲ್ಲ. ಆದರೆ ಮಂತ್ರಿಯ ಪಕ್ಕ ಕೂತು ಊಟ ಮಾಡುವ ಅವಕಾಶ ಯಾರಿಗಿದೆ ಅನ್ನುವುದೂ ಸಣ್ಣ ವಿಷಯವಲ್ಲ. ತದಡಿಯ ಮೀನುಗಾರನಿಗೆ ಅದು ಇಲ್ಲ.

ಅವರಲ್ಲೂ ಒಮ್ಮತ ಇಲ್ಲ. 2022ರಲ್ಲಿ ನೂರಕ್ಕೂ ಹೆಚ್ಚು ಕೋಟ್ಯಧಿಪತಿಗಳು, ನಮಗೆ ಜಾಸ್ತಿ ತೆರಿಗೆ ಹಾಕಿ ಅಂತ ಆ ಸಭೆಗೇ ಬಹಿರಂಗ ಪತ್ರ ಬರೆದರು.

ಈಗ ಕಂಪನಿಗಾಗಿ ಯಾರೂ ದಂಡೆತ್ತಿ ಬರುವುದಿಲ್ಲವಲ್ಲ?

ತೀರಾ ಹಳೆಯ ಮಾತೇನೂ ಅಲ್ಲ ಅದು. ಇರಾನಿನ ಪ್ರಧಾನಿ ಮೊಸಾದ್ದೆಗ್ 1951ರಲ್ಲಿ ಬ್ರಿಟಿಷ್ ತೈಲ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. 1953ರಲ್ಲಿ ಅಮೆರಿಕ, ಬ್ರಿಟನ್ ಎರಡರ ಗುಪ್ತಚರರು ಸೇರಿ ಅವರನ್ನು ಕೆಳಗಿಳಿಸಿದರು. ಮರುವರ್ಷ ಗ್ವಾಟೆಮಾಲಾದಲ್ಲಿ ಅರ್ಬೆನ್ಸ್ ಸರಕಾರ ಬಿತ್ತು. ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ಪಾಳುಬಿಟ್ಟ ಜಮೀನನ್ನು ರೈತರಿಗೆ ಹಂಚಲು ಹೊರಟಿತ್ತು ಆ ಸರಕಾರ.

ಈಗ ಜಾಸ್ತಿ ಕೆಲಸ ಕಾಗದದ ಮೇಲೆ ನಡೆಯುತ್ತದೆ. ಹೂಡಿಕೆ ಒಪ್ಪಂದ ಇದ್ದರೆ ವಿದೇಶಿ ಕಂಪನಿ ಒಂದು ದೇಶದ ಸರಕಾರವನ್ನೇ ಅಂತರರಾಷ್ಟ್ರೀಯ ಪಂಚರ ಮುಂದೆ ನಿಲ್ಲಿಸಬಹುದು. ಭಾರತಕ್ಕೂ ಆಗಿದೆ. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ 2011ರಲ್ಲಿ ಗೆದ್ದಿತು. ವೋಡಾಫೋನ್, ಕೇರ್ನ್ ಕಂಪನಿಗಳು ತೆರಿಗೆ ವಿವಾದದಲ್ಲಿ 2020ರಲ್ಲಿ ಗೆದ್ದವು. ಹೊಸ ಕಾಯಿದೆಯನ್ನು ಹಿಂದಕ್ಕೆ ಅನ್ವಯಿಸುವುದು ಸರಿಯಲ್ಲ ಎಂಬ ಅವರ ವಾದದಲ್ಲಿ ಹುರುಳಿತ್ತು. ನನ್ನ ತಕರಾರು ಬೇರೆ. ನಮ್ಮ ಊರಿನ ಒಬ್ಬ ತೋಟಿಗನಿಗೆ ಸರಕಾರದಿಂದ ಅನ್ಯಾಯವಾದರೆ ಅಂಥ ಬಾಗಿಲು ಇಲ್ಲ. ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು.

ಜಾಗತೀಕರಣ ಮುಗೀತು ಅಂತಾರೆ. ಈಗ ದೊಡ್ಡವರು ಏನು ಹೇಳುತ್ತಿದ್ದಾರೆ?

ಜಗತ್ತಿನ ಅತಿ ದೊಡ್ಡ ಹೂಡಿಕೆ ಸಂಸ್ಥೆ ಬ್ಲಾಕ್‌ರಾಕ್‌ನ ಮುಖ್ಯಸ್ಥ ಲ್ಯಾರಿ ಫಿಂಕ್ 2022ರಲ್ಲಿ ಷೇರುದಾರರಿಗೆ ಬರೆದ ಪತ್ರದಲ್ಲಿ, ಮೂವತ್ತು ವರ್ಷ ನಾವು ಕಂಡ ಜಾಗತೀಕರಣ ಯುಕ್ರೇನ್ ಯುದ್ಧದಿಂದ ಮುಗಿಯಿತು ಎಂಬರ್ಥದ ಮಾತು ಹೇಳಿದರು. 2017ರಲ್ಲಿ ದಾವೋಸಿನಲ್ಲಿ ಮುಕ್ತ ವ್ಯಾಪಾರದ ಪರ ಭಾಷಣ ಮಾಡಿದ್ದು ಚೀನಾದ ಕಮ್ಯುನಿಸ್ಟ್ ನಾಯಕ ಶಿ ಜಿನ್‌ಪಿಂಗ್. ಮುಕ್ತ ವ್ಯಾಪಾರದ ಪಾಠ ಹೇಳುತ್ತಿದ್ದ ಅಮೆರಿಕವೇ 2025ರ ಆಗಸ್ಟಿನಲ್ಲಿ ಭಾರತದ ಬಹಳಷ್ಟು ಸರಕಿಗೆ ಶೇಕಡಾ 50 ಸುಂಕ ಹಾಕಿತು. ನಮ್ಮ ಕಡೆ ಶೆಟ್ಲಿ ಅನ್ನುವ ಸಿಗಡಿಯೂ ಅದರಲ್ಲಿ ಸೇರಿತು. ವ್ಯಾಪಾರ ನಿಂತಿಲ್ಲ. ಯಾರು ಯಾರಿಗೆ ಬಾಗಿಲು ತೆರೆಯಬೇಕು ಎಂಬ ಜಗಳ ನಡೆಯುತ್ತಿದೆ.

ಅಡಿಕೆ, ಮೆಣಸಿನ ಆಮದು ನಿಲ್ಲಿಸಿ ಅಂತ ನಾವೂ ಸರಕಾರವನ್ನೇ ಕೇಳುತ್ತೇವಲ್ಲ. ಅವರಿಗೂ ನಮಗೂ ಏನು ವ್ಯತ್ಯಾಸ?

ಈ ಪ್ರಶ್ನೆ ಕೇಳಿದ್ದು ನನ್ನ ಸ್ವಂತ ಸೋದರಮಾವನ ಮಗ, ನಮ್ಮ ಭಾವ. ಉತ್ತರಕ್ಕೆ ನಾನು ಸ್ವಲ್ಪ ಹೊತ್ತು ತಡೆದೆ.

ಕೇಳುತ್ತೇವೆ, ನಿಜ. ಕಾಳುಮೆಣಸಿಗೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಕಡಿಮೆ ಸುಂಕಕ್ಕೆ ಒಳಗೆ ಬರುತ್ತಿದೆ ಎಂಬ ಬೆಳೆಗಾರರ ಕೂಗಿನ ನಂತರ ಆದದ್ದು ಅದು. ಅಡಿಕೆಗೆ 2023ರಲ್ಲಿ 251ರಿಂದ 351 ರೂಪಾಯಿಗೆ ಏರಿಸಿದರು. ಅದಕ್ಕೂ ಮೊದಲು, 2022ರಲ್ಲಿ, ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಈ ಬೆಲೆಯ ಕಟ್ಟಿಲ್ಲದೆ ಬಾಗಿಲು ತೆರೆದಿದ್ದರು.

ವ್ಯತ್ಯಾಸ ಗಾತ್ರದಲ್ಲಿದೆ. ಶಿರಸಿಯ ವಖಾರಿಗೆ ಮೆಣಸಿನ ಚೀಲ ಹೊತ್ತು ಹೋಗಿ ನೋಡಿ. ಕೊಳ್ಳುವವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜುತ್ತಾರೆ. ಜೊಳ್ಳು ಎಷ್ಟು ಅಂತ ಊದಿ ನೋಡುತ್ತಾರೆ. ಲೀಟರ್ ಪಾತ್ರೆಗೆ ತುಂಬಿ ತೂಗುತ್ತಾರೆ. ಲೀಟರಿಗೆ ಎಷ್ಟು ಗ್ರಾಂ ಅನ್ನುವುದರ ಮೇಲೆ ದರ. ಬೆಳೆಗಾರ ಸುಮ್ಮನೆ ಪಕ್ಕದಲ್ಲಿ ನಿಂತಿರುತ್ತಾನೆ. ವಿಯೆಟ್ನಾಮಿನಲ್ಲಿ ಮಳೆ ಹೇಗಾಯಿತು, ಕೊಚ್ಚಿಯ ದರ ಏನಾಯಿತು, ಡಾಲರ್ ಎಷ್ಟಾಯಿತು, ಯಾವುದೂ ಅವನ ಕೈಯಲ್ಲಿಲ್ಲ. ಎರಡು ಎಕರೆಯವನು ಅಪಾಯದಿಂದ ಉಳಿಸಿ ಅಂತ ಕೇಳುತ್ತಾನೆ. ದೊಡ್ಡವರು ಅಪಾಯವನ್ನು ಇನ್ನೊಬ್ಬರ ಮೇಲೆ ಹಾಕಿ ಅಂತ ಕೇಳುತ್ತಾರೆ. ಇದೇ ಕಾರಣಕ್ಕೆ ನಮ್ಮ ಹಿರಿಯರು 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಸಂಘ ಕಟ್ಟಿದರು. ಒಬ್ಬೊಬ್ಬರೇ ದಲಾಲಿಯ ಮುಂದೆ ನಿಲ್ಲುವುದಕ್ಕಿಂತ ಒಟ್ಟಿಗೆ ನಿಂತರೆ ದರ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಭಾವನಿಗೆ ನನ್ನ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ವಿಯೆಟ್ನಾಮಿನ ಬೆಳೆಗಾರನೂ ಎರಡು ಎಕರೆಯವನೇ ಅಲ್ವಾ ಅಂದ. ಹೌದು. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ.

ಬೇಲೆಕೇರಿ ಅದಿರಿನ ಕಾಲ ನೆನಪಿದೆಯಾ? ಆಗ ನಮ್ಮೂರಲ್ಲಿ ದುಡ್ಡು ಓಡಾಡಿತ್ತಲ್ಲ?

ನೆನಪಿದೆ. ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಿತ್ತು. ಬಳ್ಳಾರಿಯಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಬೇಲೆಕೇರಿ, ಕಾರವಾರ ಬಂದರಿಗೆ ಲಾರಿಗಳ ಸಾಲು. ಹೆದ್ದಾರಿ ಪಕ್ಕದ ನಮ್ಮ ನೆಂಟರ ಮನೆಯಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಬಣ್ಣ. ತುಳಸಿ ಕಟ್ಟೆಯ ಎಲೆಗಳ ಮೇಲೆ ಕೆಂಪು ಧೂಳು ಪದರ ಕಟ್ಟಿರುತ್ತಿತ್ತು. ಅತ್ತೆ ದಿನಾ ಎಲೆ ತೊಳೆಯುತ್ತಿದ್ದರು. ರಸ್ತೆ ಕಿತ್ತು ಹೊಂಡ ಬಿತ್ತು. ಅಪಘಾತಗಳು ಲೆಕ್ಕಕ್ಕೆ ಸಿಗದಷ್ಟು.

ದುಡ್ಡೂ ಓಡಾಡಿತು. ಚಾ ಅಂಗಡಿ, ಟಯರ್ ಅಂಗಡಿ, ಗ್ಯಾರೇಜು ಎದ್ದವು. ಹುಡುಗರು ಸಾಲ ಮಾಡಿ ಲಾರಿ ತೆಗೆದರು. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿತು. ಅದೇ ವರ್ಷ ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟ ಅದಿರೇ ಕಾಣೆಯಾದ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. 2011ರಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು. ಲಾರಿ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಲಾರಿ ಬಿಟ್ಟುಕೊಟ್ಟು, ಮನೆ ಪಕ್ಕದ ಗದ್ದೆ ಮಾರಿ ಸಾಲ ತೀರಿಸಿದ. ಅದಿರಿನ ಲಾಭ ಎಲ್ಲೆಲ್ಲಿಗೋ ಹೋಯಿತು, ಅವನ ಗದ್ದೆ ಹೋಗಿದ್ದು ಇಲ್ಲಿಂದ. ಹಾಬ್ಸನ್ ಹೆಸರು ತೆಗೆದಾಗೆಲ್ಲ ನನಗೆ ಅವನ ಮುಖ ಕಣ್ಣಿಗೆ ಬರುತ್ತದೆ.

ಹಾಗಾದರೆ ಹೊಸ ಬಂದರು ಬೇಡ ಅಂತೀರಾ?

ಅಂಕೋಲೆಯ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ಬೀದಿಗೆ ಇಳಿದಿದ್ದಾರೆ. ದೋಣಿ ಎಳೆಯುವ, ಮೀನು ಒಣಗಿಸುವ ದಂಡೆ ಅವರದ್ದು. ಒಂದು ಸಲ ಹೋದರೆ ಇನ್ನೊಂದು ದಂಡೆ ತರಲು ಆಗುವುದಿಲ್ಲ. ನಾನು ಅವರ ಪರ. ಬಂದರೇ ಬೇಡ ಎಂಬ ಕಾರಣಕ್ಕಲ್ಲ. ಈ ಜಿಲ್ಲೆ ಹುಟ್ಟಿದ್ದೇ ಬಂದರುಗಳಿಂದ. ರಸ್ತೆ, ರೈಲು ಸರಕಾರ ಹಾಕಿಕೊಡುತ್ತದೆ, ದಂಡೆ ಮೀನುಗಾರರು ಬಿಟ್ಟುಕೊಡಬೇಕು, ಗಳಿಕೆ ಕಂಪನಿಗೆ ಅನ್ನುವ ಕರಾರು ನನಗೆ ಒಪ್ಪಿಗೆಯಿಲ್ಲ.

ಇದನ್ನೆಲ್ಲ ಮಕ್ಕಳಿಗೆ ತೋರಿಸಬೇಕು ಅಂದರೆ ಎಲ್ಲಿಗೆ ಕರೆದುಕೊಂಡು ಹೋಗಲಿ?

ಒಂದು ದಿನ ಸಾಕು. ಕುಮಟಾ ಹತ್ತಿರದ ಮಿರ್ಜಾನ ಕೋಟೆಯಿಂದ ಶುರು ಮಾಡಿ. ಅಲ್ಲಿ ಮೆಣಸಿನ ಕಥೆ ಹೇಳಿ. ಅಂಕೋಲೆಗೆ ಬಂದು 1930ರ ಉಪ್ಪಿನ ಸತ್ಯಾಗ್ರಹ ಹೇಳಿ. ಬೇಲೆಕೇರಿ ಬಂದರು ದಾರಿಯಲ್ಲೇ ಸಿಗುತ್ತದೆ. ಮಧ್ಯಾಹ್ನದ ಮೇಲೆ ಕಾರವಾರ ದಾಟಿ ಸದಾಶಿವಗಡದ ಗುಡ್ಡ ಹತ್ತಿ. ಎಡಗಡೆ ಒಳನಾಡಿನ ಕಡೆಗೆ ಕಾಳಿ ನದಿ, ಆಚೆ ಕಡವಾಡದ ದಿಕ್ಕು. ಎದುರು ಮ್ಯಾಂಚೆಸ್ಟರಿನವರು ಬಯಸಿದ್ದ ಕೊಲ್ಲಿ. ಹೋದ ವರ್ಷ ಏಳನೇ ತರಗತಿಯ ಮಕ್ಕಳನ್ನು ಕರೆದೊಯ್ದಿದ್ದೆ. ಒಬ್ಬಳು ನದಿ ನೋಡುತ್ತಾ, “ಟೀಚರ್, ಆ ರಸ್ತೆ ಮಾಡಿದವರಿಗೆ ಕೂಲಿ ಎಷ್ಟು ಕೊಟ್ಟಿದ್ದರು?” ಅಂತ ಕೇಳಿದಳು. ಅಷ್ಟು ವರ್ಷ ಪಾಠ ಮಾಡಿದ ನಾನು ಅದನ್ನು ಹುಡುಕಿಯೇ ಇರಲಿಲ್ಲ. ಈಗ ಹಳೇ ದಾಖಲೆಗಳಲ್ಲಿ ಅದನ್ನೇ ಹುಡುಕುತ್ತಿದ್ದೇನೆ.